ಒಪ್ಪಿ ಬೇರೆಯಾಗುವ ಮುನ್ನ ಕಾಗದಪತ್ರ ನೋಡಿಕೊಳ್ಳಿ

ಡೈವೋರ್ಸ್ ಆದರೆ ಗಂಡನ ಆಸ್ತಿಯಲ್ಲಿ ಅರ್ಧ ಹೆಂಡತಿಗೆ ಎಂದು ನಂಬಿದವರು ಬಹಳ. ಹಿಂದೂ ವಿವಾಹ ಕಾಯ್ದೆಯಲ್ಲಿ ಅಂಥ ಪಾಲು ಇಲ್ಲ. ಆಸ್ತಿ ಯಾರ ಹೆಸರಲ್ಲಿದೆಯೋ ಸಾಮಾನ್ಯವಾಗಿ ಅವರದ್ದೇ. ಜೀವನಾಂಶದ ಲೆಕ್ಕ ಬೇರೆ. ಹಾಗಾಗಿ ಇಬ್ಬರೂ ಒಪ್ಪಿ ಬೇರೆಯಾಗುವಾಗ ಮುಂದಿನ ಬದುಕಿನ ಹಣಕಾಸು ಬಹುಮಟ್ಟಿಗೆ ನೀವು ಬರೆದುಕೊಳ್ಳುವ ಒಪ್ಪಂದದ ಮೇಲೆ ನಿಂತಿರುತ್ತದೆ.

ಮೊದಲು ಕಾನೂನಿನ ದಾರಿ. 1955ರ ಕಾಯ್ದೆಯ 13ಬಿ ಕಲಮಿನಡಿ ಅರ್ಜಿ ಹಾಕಲು ಕನಿಷ್ಠ ಒಂದು ವರ್ಷ ಬೇರೆ ಇದ್ದಿರಬೇಕು. ಒಂದೇ ಸೂರಿನಡಿ ಇದ್ದೂ ಗಂಡ-ಹೆಂಡಿರಾಗಿ ಬಾಳದಿದ್ದರೆ ಅದೂ ಬೇರೆ ಇದ್ದಂತೆಯೇ. ಜಂಟಿ ಅರ್ಜಿ ಕೊಟ್ಟ ಮೇಲೆ ಆರು ತಿಂಗಳು ಕಾಯಬೇಕು. ರಾಜಿಯ ದಾರಿ ಮುಚ್ಚಿ, ಜೀವನಾಂಶ, ಮಕ್ಕಳ ವಿಚಾರವೆಲ್ಲ ಇತ್ಯರ್ಥವಾಗಿದ್ದರೆ ಈ ಅವಧಿಯನ್ನು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಡಿಕ್ರಿ ಆಗುವವರೆಗೂ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು, ಇದು ನೆನಪಿರಲಿ. ಹಿರಿಯರನ್ನು ಕೂರಿಸಿ ಛಾಪಾ ಕಾಗದದ ಮೇಲೆ ಬರೆಸಿ ನೋಟರಿ ಸಹಿ ಹಾಕಿಸಿಕೊಂಡರೆ ಡೈವೋರ್ಸ್ ಆಗುವುದಿಲ್ಲ. ಆ ಕಾಗದ ನಂಬಿ ಮತ್ತೊಂದು ಮದುವೆಯಾದರೆ ಕ್ರಿಮಿನಲ್ ಕೇಸು ಎದುರಾಗಬಹುದು.

ಅರ್ಜಿಗೆ ಮುಂಚೆಯೇ ದಾಖಲೆ ಕೂಡಿಹಾಕಿ: ಕ್ರಯಪತ್ರ, ಪಹಣಿ, ಸಂಬಳದ ಚೀಟಿ, ಆದಾಯ ತೆರಿಗೆ ರಿಟರ್ನ್ಸ್, ಬ್ಯಾಂಕ್ ಸ್ಟೇಟ್‌ಮೆಂಟ್, ಪಿಎಫ್, ವಿಮೆ, ಚೀಟಿ ವ್ಯವಹಾರ. ಜೀವನಾಂಶದ ತಕರಾರು ಎದ್ದರೆ ಇಬ್ಬರೂ ಆಸ್ತಿ ಮತ್ತು ಸಾಲದ ಅಫಿಡವಿಟ್ ಸಲ್ಲಿಸಬೇಕೆಂದು 2020ರ ರಜನೇಶ್–ನೇಹಾ ತೀರ್ಪು ಹೇಳಿದೆ. ಆಗ ಕಾಗದ ಹುಡುಕಲು ಹೊರಟರೆ ಸಿಗುವುದಿಲ್ಲ, ಅದರಲ್ಲೂ ಬೀರುವಿನ ಕೀಲಿ ಇನ್ನೊಬ್ಬರ ಬಳಿ ಇದ್ದರೆ.

ಒಡವೆಯ ವಿಷಯದಲ್ಲಿ ಹೆಣ್ಣುಮಕ್ಕಳು ಸಂಕೋಚಪಡಬೇಕಿಲ್ಲ. ತವರಿನವರು, ಅತ್ತೆಮನೆಯವರು, ಬಂಧುಗಳು ಆಕೆಗೆಂದು ಕೊಟ್ಟದ್ದು ಸ್ತ್ರೀಧನ. ಅತ್ತೆಯ ಲಾಕರಿನಲ್ಲಿದ್ದರೂ ಅದು ಆಕೆಯದೇ. ಬಿಲ್ಲು, ಮದುವೆ ಫೋಟೊ ನೋಡಿಕೊಂಡು ತೂಕ ಸಮೇತ ಪಟ್ಟಿ ಮಾಡಿ.

ಹೆಚ್ಚು ಜನ ಎಡವುವುದು ಮನೆ ಸಾಲದಲ್ಲಿ. ಸೈಟು ಒಬ್ಬರ ಹೆಸರಲ್ಲಿ, ಸಾಲ ಇಬ್ಬರ ಹೆಸರಲ್ಲಿ ಇರುವುದು ನಗರಗಳಲ್ಲಿ ಮಾಮೂಲು. ‘ಇನ್ನು ಮುಂದೆ ಇಎಂಐ ಗಂಡನೇ ಕಟ್ಟತಕ್ಕದ್ದು’ ಎಂದು ಒಪ್ಪಂದದಲ್ಲಿ ಬರೆದರೂ ಬ್ಯಾಂಕಿಗೆ ಅದು ಅನ್ವಯಿಸದು; ಕಂತು ತಪ್ಪಿದರೆ ಇಬ್ಬರಿಗೂ ನೋಟಿಸ್ ಬರುತ್ತದೆ, ಇಬ್ಬರ ಸಿಬಿಲ್ ಅಂಕವೂ ಕುಸಿಯುತ್ತದೆ. ಹಾಗಾಗಿ ಮನೆ ಮಾರಿ ಸಾಲ ತೀರಿಸಿ, ಇಲ್ಲವೇ ಅದನ್ನು ಉಳಿಸಿಕೊಳ್ಳುವವರೊಬ್ಬರ ಹೆಸರಿಗೇ ಸಾಲ ವರ್ಗಾಯಿಸಲು ಬ್ಯಾಂಕನ್ನು ಕೇಳಿ. ಜಂಟಿ ಆಸ್ತಿಯಾದರೆ ಹಕ್ಕು ಬಿಡುಗಡೆ ಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ ಖಾತೆ ಬದಲಾಯಿಸಿಕೊಳ್ಳಿ. ಇವೆಲ್ಲ ಡಿಕ್ರಿಗೆ ಮುಂಚೆ ಮುಗಿದರೆ ಒಳ್ಳೆಯದು. ಆಮೇಲೆ ಸಹಿಗೆ ಕರೆದರೆ ಬರುವವರು ಕಡಿಮೆ.

ಜೀವನಾಂಶ ಇಡುಗಂಟೋ ತಿಂಗಳ ಕಂತೋ? ಸಂಬಂಧ ಪೂರ್ತಿ ಹಳಸಿದ್ದರೆ ಇಡುಗಂಟೇ ವಾಸಿ ಎಂಬುದು ನನ್ನ ಅಭಿಪ್ರಾಯ. ಜಂಟಿ ಅರ್ಜಿಯ ಮೇಲೆ ಕೋರ್ಟಿನಲ್ಲಿ ಮೊದಲ ಹೇಳಿಕೆ ಕೊಡುವ ದಿನ ಒಂದು ಭಾಗ, ಡಿಕ್ರಿಯ ದಿನ ಉಳಿದದ್ದು, ಡಿಡಿ ಮೂಲಕ ಎಂದು ಬರೆಸಿ. ತಿಂಗಳ ಕಂತಾದರೆ ಪ್ರತಿವರ್ಷ ಎಷ್ಟು ಏರಬೇಕೆಂದೂ ಸೇರಿಸಿ; ಪರಿಸ್ಥಿತಿ ಬದಲಾದರೆ ಕೋರ್ಟು ಆ ಮೊತ್ತವನ್ನು ಬದಲಿಸಬಹುದು. ತೆರಿಗೆ ಲೆಕ್ಕದಲ್ಲಿ ಇವೆರಡೂ ಒಂದೇ ಅಲ್ಲ, ಆಡಿಟರನ್ನು ಕೇಳಿ.

ಮಕ್ಕಳ ಖರ್ಚನ್ನು ಹೆಂಡತಿಯ ಜೀವನಾಂಶದೊಂದಿಗೆ ಬೆರೆಸಬೇಡಿ. ಶಾಲೆ ಶುಲ್ಕ, ಆರೋಗ್ಯ ವಿಮೆ, ಹಬ್ಬ-ರಜೆಯಲ್ಲಿ ಯಾರ ಮನೆ, ಪಾಸ್‌ಪೋರ್ಟಿಗೆ ಯಾರ ಸಹಿ, ಎಲ್ಲವೂ ಬರಹದಲ್ಲಿರಲಿ. ‘ಮಗುವಿಗೆ ಮುಂದೆ ಏನೂ ಕೇಳುವುದಿಲ್ಲ’ ಎಂದು ತಾಯಿ ಬರೆದುಕೊಟ್ಟರೂ ಮಗುವಿನ ಹಕ್ಕು ಅದರಿಂದ ಹೋಗುವುದಿಲ್ಲ.

ಡಿಕ್ರಿ ಕೈಸೇರಿದ ಮೇಲೆ ವಿಮೆ, ಪಿಎಫ್, ಠೇವಣಿಗಳ ನಾಮಿನಿ ಹೆಸರು ನೋಡಿಕೊಳ್ಳಿ. ಅದು ತಾನಾಗಿ ಬದಲಾಗುವುದಿಲ್ಲ. ವಕೀಲರ ಶುಲ್ಕಕ್ಕೆ ಹಣವಿಲ್ಲವೆಂದು ಸಿಕ್ಕ ಕಾಗದಕ್ಕೆ ಸಹಿ ಹಾಕಬೇಡಿ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಸಹಾಯವಾಣಿ 15100.