ಹಳೇ ಮೋಟಾರು ದೋಣಿ: ರಿಪೇರಿ ಮಾಡೋದಾ, ಹೊಸದು ತಗೊಳ್ಳೋದಾ?

ಎಂಜಿನಿಯರಿಂಗ್ ಎಕನಾಮಿಕ್ಸ್‌ನಲ್ಲಿ ‘ರಿಪ್ಲೇಸ್‌ಮೆಂಟ್ ಅನಾಲಿಸಿಸ್’ ಅಂತ ಒಂದು ಅಧ್ಯಾಯ ಇದೆ. ಪರೀಕ್ಷೆಗೆ ಎರಡು ದಿನ ಇದ್ದಾಗ ನಾವೆಲ್ಲ ಓದುವ ಅಧ್ಯಾಯ. ಅದರ ಲೆಕ್ಕಗಳಲ್ಲಿ ಯಾವಾಗಲೂ ಒಂದು ಹಳೇ ಲೇತು, ಒಂದು ಹೊಸ ಲೇತು. ಲೇತು ಕೆಟ್ಟರೆ ಕೆಲಸ ನಿಲ್ಲುತ್ತದೆ, ಅಷ್ಟೇ. ಅದು ಮುಳುಗೋದಿಲ್ಲ. ಅದೇ ಪಾಠವನ್ನು ಒಂದು ಮನೆಯ ದೋಣಿಗೆ ಹಚ್ಚಿದರೆ ಏನಾಗುತ್ತದೆ ಅಂತ ಇಲ್ಲಿ ನೋಡೋಣ.

ಹೊನ್ನಾವರ, ಕುಮಟಾ, ಕುಂದಾಪುರ ಕಡೆಯ ಅಳಿವೆಗಳಲ್ಲಿ ಕಾಣುವಂಥ ಒಂದು ಫೈಬರ್ ದೋಣಿಯನ್ನು ಉದಾಹರಣೆಗೆ ತಗೊಳ್ಳಿ. ಸುಮಾರು 24 ಅಡಿ ಉದ್ದ, ಹಿಂದೆ 9.9 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್, ವಯಸ್ಸು 15 ವರ್ಷ. ಬೆಳಿಗ್ಗೆ ಹಗ್ಗ ಎಳೆದೆಳೆದು ಕೈ ಸೋತರೂ ಎಂಜಿನ್ ಹತ್ತೋದಿಲ್ಲ. ತಳದಲ್ಲಿ ಗುಳ್ಳೆ ಎದ್ದಿದೆ. ಜೋರಾಗಿ ಓಡಿಸಿದರೆ ಹಿಂಭಾಗ ನಡುಗುತ್ತದೆ. ಮನೆಯಲ್ಲಿ ಆಗಲೇ ಎರಡು ಪಕ್ಷ. ಅಪ್ಪ ‘ಇನ್ನೂ ನಾಲ್ಕು ವರ್ಷ ಓಡ್ತದೆ’ ಅಂತಾರೆ. ಮಗ ‘ಇದಕ್ಕೆ ಸುರಿದದ್ದು ಸಾಕು ಅಪ್ಪಾ’ ಅಂತಾನೆ.

ಇಬ್ಬರೂ ದೋಣಿಯನ್ನು ಒಂದೇ ವಸ್ತು ಅಂತ ನೋಡ್ತಿದ್ದಾರೆ, ತೊಡಕು ಅಲ್ಲೇ ಇರೋದು. ಅದರಲ್ಲಿ ಮೂರು ಭಾಗ: ಒಡಲು, ಎಂಜಿನ್ ಕಟ್ಟುವ ಹಿಂದಿನ ಹಲಗೆ, ಎಂಜಿನ್. ಮೂರಕ್ಕೂ ಬೇರೆ ಬೇರೆ ಆಯಸ್ಸು, ಕೆಡುವ ರೀತಿಯೂ ಬೇರೆ. ಹಾಗಾಗಿ ಲೆಕ್ಕಕ್ಕೆ ಕೂರುವ ಮೊದಲು ದೋಣಿಯ ಹತ್ತಿರ ಹೋಗಬೇಕು.

ಗುಳ್ಳೆ ಕಂಡ ಕೂಡಲೇ ಹೆದರಬೇಕಾಗಿಲ್ಲ. ಫೈಬರ್ ದೋಣಿ ಅಂದರೆ ಗಾಜಿನ ನಾರು, ಪಾಲಿಯೆಸ್ಟರ್ ರೆಸಿನ್, ಮೇಲೊಂದು ಜೆಲ್‌ಕೋಟ್. ವರ್ಷಗಟ್ಟಲೆ ನೀರಲ್ಲೇ ಇದ್ದರೆ ನೀರಿನ ಅಣುಗಳು ಜೆಲ್‌ಕೋಟ್ ದಾಟಿ ಒಳಗೆ ಹೋಗಿ, ಅಲ್ಲಿ ಕರಗುವಂಥ ಪದಾರ್ಥಗಳನ್ನು ಕರಗಿಸಿಕೊಳ್ಳುತ್ತವೆ. ಆ ದ್ರಾವಣ ಇನ್ನಷ್ಟು ನೀರನ್ನು ಎಳೆದುಕೊಂಡು ಒತ್ತಡ ಏರಿ ಗುಳ್ಳೆ ಏಳುತ್ತದೆ. ಪಿಯುಸಿಯಲ್ಲಿ ಓದಿದ ಆಸ್ಮೋಸಿಸ್ಸೇ ಇದು. ಗುಳ್ಳೆ ಒಡೆದರೆ ಹುಳಿ ವಾಸನೆಯ ದ್ರವ ಬರುತ್ತದೆ. ಹೆಚ್ಚಿನ ಸಲ ಇದು ಮೇಲ್ಪದರದ ಕಾಯಿಲೆ: ಕೆರೆದು, ಚೆನ್ನಾಗಿ ಒಣಗಿಸಿ, ತುಂಬಿದರೆ ಆಯ್ತು. ಚಿಂತೆ ಮಾಡಬೇಕಾದ್ದು ನಾರಿನ ಪದರಗಳು ಒಂದಕ್ಕೊಂದು ಬಿಟ್ಟುಕೊಂಡಾಗ. ಅದನ್ನು ಪತ್ತೆ ಮಾಡೋಕೆ ಒಂದು ನಾಣ್ಯ ಸಾಕು. ಒಡಲನ್ನು ಗೇಣುಗೇಣಿಗೂ ತಟ್ಟುತ್ತಾ ಹೋಗಿ. ಗಟ್ಟಿ ಜಾಗ ಟಣ್ ಅನ್ನುತ್ತದೆ, ಬಿಟ್ಟುಕೊಂಡ ಜಾಗ ಡಬ್ ಅನ್ನುತ್ತದೆ. ಸಣ್ಣ ಜಾಗವಾದರೆ ಸುತ್ತಲೂ ಇಳಿಜಾರಾಗಿ ಉಜ್ಜಿ ಹೊಸ ಪದರ ಹಾಕಬಹುದು. ಇಳಿಜಾರಿನ ಅಗಲ ಒಡಲಿನ ದಪ್ಪದ ಸುಮಾರು 12 ಪಟ್ಟು ಇರಬೇಕು ಅನ್ನೋದು ರೂಢಿಯ ಅಳತೆ, 5 ಮಿ.ಮೀ. ದಪ್ಪಕ್ಕೆ 60 ಮಿ.ಮೀ. ತೂತಿನ ಮೇಲೆ ಬರೀ ಒಂದು ತೇಪೆ ಅಂಟಿಸಿ ಬಣ್ಣ ಬಳಿದರೆ ಅದು ರಿಪೇರಿಯಲ್ಲ, ಮುಚ್ಚಿಡೋದು.

ಹಿಂದಿನ ಹಲಗೆಯ ಕತೆ ಇದಕ್ಕಿಂತ ಗಂಭೀರ. ಇಂಗ್ಲಿಷಿನಲ್ಲಿ ಟ್ರಾನ್ಸಮ್ ಅನ್ನುವ ಈ ಭಾಗದಲ್ಲಿ ಸಾಮಾನ್ಯವಾಗಿ ಒಳಗೆ ಪ್ಲೈವುಡ್ ಇರುತ್ತದೆ, ಹೊರಗೆ ಫೈಬರ್ ಹೊದಿಕೆ. ಬೋಲ್ಟಿನ ತೂತುಗಳ ಮೂಲಕ ನೀರು ಇಳಿದು ಪ್ಲೈವುಡ್ ಒಳಗೊಳಗೇ ಕೊಳೆಯುತ್ತದೆ, ಹೊರಗಿಂದ ಏನೂ ಕಾಣೋದಿಲ್ಲ. ಎಂಜಿನ್ ಕೂರುವುದು ಹಲಗೆಯ ಮೇಲಂಚಿನಲ್ಲಿ, ಪ್ರೊಪೆಲ್ಲರ್ ನೂಕುವುದು ಅದರಿಂದ ಅರ್ಧ ಮೀಟರಿನಷ್ಟು ಕೆಳಗೆ. ಫ್ರೀ ಬಾಡಿ ಡಯಾಗ್ರಮ್ ಬಿಡಿಸಿ ನೋಡಿ: ಬಲ ಮಾತ್ರವಲ್ಲ, ಹಲಗೆಯನ್ನು ಬಗ್ಗಿಸುವ ಮೊಮೆಂಟೂ ಇದೆ. ಅಲೆಯಿಂದ ಅಲೆಗೆ ಅದು ಏರಿಳಿಯುತ್ತಾ ಇರುವುದರಿಂದ ಫೆಟೀಗ್ ಕೂಡ. ಪರೀಕ್ಷೆ ಸುಲಭ: ಎಂಜಿನ್‌ನ ಕೆಳತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಇನ್ನೊಬ್ಬರು ಹಲಗೆಯನ್ನು ನೋಡಲಿ. ಹಲಗೆ ಬಾಗಿದರೆ ಒಳಗಿನಿಂದ 4 ಮಿ.ಮೀ. ಡ್ರಿಲ್ ಹಾಕಿ. ಬರುವ ಪುಡಿ ಒಣಗಿ ತಿಳಿಬಣ್ಣದಲ್ಲಿದ್ದರೆ ಸರಿ; ಕಪ್ಪಾಗಿ ಒದ್ದೆಯಾಗಿದ್ದರೆ ಹಲಗೆ ಹೋಗಿದೆ. (ನೋಡಿದ ಮೇಲೆ ಆ ತೂತನ್ನು ಎಪಾಕ್ಸಿಯಿಂದ ಮುಚ್ಚಿ ಮಾರಾಯ್ರೆ!) ಹಲಗೆ ಕೊಳೆತ ದೋಣಿಯನ್ನು ‘ಈ ಸೀಸನ್ ಮುಗಿಸ್ಕೊಂಡು ನೋಡೋಣ’ ಅಂತ ನೀರಿಗಿಳಿಸಬಾರದು. ಹಲಗೆ ಕಿತ್ತರೆ ಎಂಜಿನ್ ಹೋಗುವುದಷ್ಟೇ ಅಲ್ಲ, ದೋಣಿಯ ಹಿಂಭಾಗವೇ ನೀರಿಗೆ ತೆರೆದುಕೊಳ್ಳುತ್ತದೆ.

ಎಂಜಿನ್ ವಿಷಯ ಬೇಗ ಮುಗಿಸಬಹುದು. ಸ್ಪಾರ್ಕ್ ಪ್ಲಗ್ ಬಿಚ್ಚಿ ಎರಡು ಸಿಲಿಂಡರಿನ ಕಂಪ್ರೆಶನ್ ಅಳೆಯಿರಿ, ವ್ಯತ್ಯಾಸ ಶೇ. 10ರ ಒಳಗಿದ್ದರೆ ಒಳಗಿನ ಆರೋಗ್ಯ ಪರವಾಗಿಲ್ಲ, ತೊಂದರೆ ಕಾರ್ಬ್ಯುರೇಟರಿನಲ್ಲೋ ಇಗ್ನಿಶನ್‌ನಲ್ಲೋ ಇರಬಹುದು. ತಂಪಿನ ನೀರು ಹೊರಬರುವ ಧಾರೆ ಸಣ್ಣದಾಗಿದ್ದರೆ ಇಂಪೆಲ್ಲರ್ ನೋಡಿ. ಸತುವಿನ ಆನೋಡ್ ಅರ್ಧ ಸವೆದಿದ್ದರೆ ಬದಲಿಸಿ. ಅಲ್ಯೂಮಿನಿಯಂ ಕವಚದ ಬದಲು ತಾನು ಸವೆಯೋದೇ ಅದರ ಕೆಲಸ. ಚಂದಕ್ಕೆ ಅಂತ ಅದಕ್ಕೂ ಬಣ್ಣ ಬಳಿದರೆ ಅದು ಕೆಲಸವನ್ನೇ ಮಾಡೋದಿಲ್ಲ.

ಇನ್ನು ಲೆಕ್ಕ. ಕೆಳಗಿನ ಅಂಕಿಗಳೆಲ್ಲ ಉದಾಹರಣೆಗೆ ಇಟ್ಟುಕೊಂಡವು, ನಿಮ್ಮೂರಿನ ದರ ನೀವು ಹಾಕಿಕೊಳ್ಳಿ. ಮೊದಲಿಗೆ, 15 ವರ್ಷದ ಹಿಂದೆ ದೋಣಿಗೆ ಕೊಟ್ಟ ದುಡ್ಡು, ಹೋದ ವರ್ಷ ಎಂಜಿನ್‌ಗೆ ಸುರಿದ ದುಡ್ಡು ಎರಡನ್ನೂ ಬದಿಗಿಡಿ. ಅವು ಸಂಕ್ ಕಾಸ್ಟ್. ಉಳಿಸಿಕೊಂಡರೂ ಮಾರಿದರೂ ವಾಪಸ್ ಬರೋದಿಲ್ಲ. ಆದರೆ ಹಳೇ ದೋಣಿ ಪುಕ್ಕಟೆಯೂ ಅಲ್ಲ. ಇವತ್ತು ಮಾರಿದರೆ ಒಡಲಿಗೆ 25,000, ಎಂಜಿನ್‌ಗೆ 35,000 ಬರುತ್ತದೆ ಅಂದರೆ, ಉಳಿಸಿಕೊಳ್ಳುವವರು ಆ 60,000ವನ್ನು ಇವತ್ತು ಹೂಡಿದ ಹಾಗೆಯೇ. ಪರೀಕ್ಷೆಯಲ್ಲಿ ಹೆಚ್ಚಿನವರು ಮಾರ್ಕು ಕಳೆದುಕೊಳ್ಳೋದು ಈ ಸಾಲಿನಲ್ಲಿ.

ದಾರಿಗಳ ಆಯಸ್ಸು ಬೇರೆ ಬೇರೆ ಇರುವುದರಿಂದ ಒಟ್ಟು ಖರ್ಚನ್ನಲ್ಲ, ವರ್ಷಕ್ಕೆ ಬೀಳುವ ಸಮಾನ ಖರ್ಚನ್ನು ಹೋಲಿಸಬೇಕು. ಹೂಡಿಕೆಯಿಂದ ಕೊನೆಯ ಬೆಲೆ ಕಳೆದು ಕ್ಯಾಪಿಟಲ್ ರಿಕವರಿ ಫ್ಯಾಕ್ಟರಿನಿಂದ ಗುಣಿಸಿ, ಅದಕ್ಕೆ ಕೊನೆಯ ಬೆಲೆಯ ಮೇಲಿನ ಬಡ್ಡಿ ಮತ್ತು ವರ್ಷದ ನಿರ್ವಹಣೆ ಸೇರಿಸಿ. ಬಡ್ಡಿ ಶೇ. 10 ಇರಲಿ.

ಅಪ್ಪನ ದಾರಿ: ಹಲಗೆಗೆ 35,000, ಎಂಜಿನ್ ಓವರ್‌ಹಾಲಿಗೆ 35,000. ಹಳೇ ಬೆಲೆ ಸೇರಿ ಹೂಡಿಕೆ 1,30,000. ಓಡುವುದು 4 ವರ್ಷ, ಕೊನೆಗೆ ಬರುವುದು 30,000, ವರ್ಷದ ನಿರ್ವಹಣೆ 28,000. ಫ್ಯಾಕ್ಟರ್ 0.3155. ವರ್ಷಕ್ಕೆ ಸುಮಾರು 62,500 ರೂಪಾಯಿ.

ಮಗನ ದಾರಿ: ಹೊಸ ಒಡಲು 2,00,000, ಹೊಸ ಎಂಜಿನ್ 1,50,000. ಆಯಸ್ಸು 12 ವರ್ಷ, ಕೊನೆಗೆ 50,000, ನಿರ್ವಹಣೆ 14,000. ಫ್ಯಾಕ್ಟರ್ 0.1468. ವರ್ಷಕ್ಕೆ ಸುಮಾರು 63,000.

ಅಪ್ಪ ಮಗ ಇಬ್ಬರೂ ಗೆದ್ದಿಲ್ಲ! 500 ರೂಪಾಯಿ ವ್ಯತ್ಯಾಸಕ್ಕೆ ಅರ್ಥವಿಲ್ಲ, ಯಾಕಂದರೆ ‘4 ವರ್ಷ’ ಅನ್ನೋದೇ ಊಹೆ. ಅದು 3 ಆದರೆ ಅಪ್ಪನ ಖರ್ಚು 71,200ಕ್ಕೆ ಜಿಗಿಯುತ್ತದೆ.

ಈಗ ಭಾಗಗಳನ್ನು ಬಿಡಿಸಿ ನೋಡಿದ್ದರ ಪ್ರಯೋಜನ. ತಟ್ಟಿ ನೋಡಿದಾಗ ಒಡಲು ಗಟ್ಟಿ ಇತ್ತು ಅಂತಿಟ್ಟುಕೊಳ್ಳಿ. ಹಲಗೆ ಹೊಸದು ಹಾಕಿಸಿ, ಹಳೇ ಎಂಜಿನ್ ಮಾರಿ, ಹೊಸ ಎಂಜಿನ್ ಕೂರಿಸಿದರೆ ಹೂಡಿಕೆ 25,000, 35,000 ಮತ್ತು 1,50,000 ಸೇರಿ 2,10,000. 8 ವರ್ಷ ಓಡಿ ಕೊನೆಗೆ 40,000 ಬಂದರೆ, ನಿರ್ವಹಣೆ 16,000 ಇದ್ದರೆ, ಫ್ಯಾಕ್ಟರ್ 0.1874ರಲ್ಲಿ ವರ್ಷಕ್ಕೆ ಸುಮಾರು 51,900. ಎರಡೂ ಪಕ್ಷಕ್ಕಿಂತ ಹತ್ತು ಸಾವಿರಕ್ಕೂ ಹೆಚ್ಚು ಕಡಿಮೆ.

ಸಾಲದ ಬಡ್ಡಿ ಶೇ. 18 ಆದರೆ? ಮಗನ ದಾರಿ 85,600ಕ್ಕೆ ಏರುತ್ತದೆ, ಅಪ್ಪನದು 70,600, ಮೂರನೆಯದು 64,900. ಬಡ್ಡಿ ದುಬಾರಿಯಾದಷ್ಟೂ ರಿಪೇರಿಯ ಕಡೆ ತಕ್ಕಡಿ ವಾಲುತ್ತದೆ. ಅಗ್ಗದ ಸಾಲ ಸಿಗುವವರಿಗೂ ಸಿಗದವರಿಗೂ ಉತ್ತರ ಒಂದೇ ಆಗಿರಬೇಕಾಗಿಲ್ಲ.

ಮೂರನೆಯ ದಾರಿ ಹಿಡಿಯುವವರು ಎರಡು ಅಳತೆ ನೋಡಬೇಕು. ಶಾಫ್ಟ್ ಉದ್ದ ಹಲಗೆಯ ಎತ್ತರಕ್ಕೆ ಹೊಂದಬೇಕು: ಶಾರ್ಟ್ ಶಾಫ್ಟಿಗೆ 15 ಇಂಚು, ಲಾಂಗ್ ಶಾಫ್ಟಿಗೆ 20. ಇನ್ನೊಂದು ತೂಕ. ಅದೇ ಶಕ್ತಿಯ ಫೋರ್‌ಸ್ಟ್ರೋಕ್ ಎಂಜಿನ್ ಟೂಸ್ಟ್ರೋಕಿಗಿಂತ ಸಾಮಾನ್ಯವಾಗಿ ಭಾರ. ಹಿಂಭಾಗ ತಗ್ಗಿದರೆ ಅಲೆ ಒಳಗೆ ಬರುತ್ತದೆ.

ಅಜ್ಜ ಬರೆಸಿದ ಹೆಸರು ದೋಣಿಯ ಮೇಲಿದೆ, ಮಾರೋಕೆ ಮನಸ್ಸಿಲ್ಲ ಅನ್ನೋರೂ ಇದ್ದಾರೆ. ಅದು ಸಂಕ್ ಕಾಸ್ಟ್ ಅಲ್ಲ, ಮುಂದೆಯೂ ಸಿಗುವ ಸಂತೋಷ. ಅದಕ್ಕೆ ವರ್ಷಕ್ಕೆ ಎಷ್ಟು ಕೊಡಲು ತಯಾರು ಅಂತ ಮನೆಯವರೆಲ್ಲ ಕೂತು ಒಂದು ಅಂಕಿ ಹೇಳಿ, ಲೆಕ್ಕದಲ್ಲಿ ಬೇರೆ ಸಾಲಾಗಿ ಬರೆಯಿರಿ. ಆದರೆ ಕೊಳೆತ ಹಲಗೆಯ ಎದುರು ಆ ಸಾಲನ್ನು ಇಡಬೇಡಿ.

ಕೆಲಸ ಯಾವಾಗ ಮಾಡಿಸೋದು? ಮಳೆಗಾಲದಲ್ಲಿ ಹೇಗೂ ದೋಣಿ ದಡದಲ್ಲಿರುತ್ತದೆ, ಆಗ ಮಾಡಿಸೋಣ ಅಂತ ಹಲವರು ಅಂದುಕೊಳ್ಳುತ್ತಾರೆ. ಆದರೆ ಒದ್ದೆ ನಾರಿಗೆ, ಒದ್ದೆ ಮರಕ್ಕೆ ಪಾಲಿಯೆಸ್ಟರ್ ರೆಸಿನ್ ಸರಿಯಾಗಿ ಹಿಡಿಯೋದಿಲ್ಲ. ಏಪ್ರಿಲ್‌ನಲ್ಲಿ ದಡಕ್ಕೆ ಎಳೆದು ಬಿಸಿಲಿಗೆ ಒಣಗಿಸಿ, ಮೇ ಮಧ್ಯದೊಳಗೆ ಹಲಗೆಯ ಕೆಲಸ ಮುಗಿಸಿಕೊಳ್ಳಿ. ಎಂಜಿನ್ ಕೆಲಸಕ್ಕೆ ಬಿಸಿಲು ಬೇಡ. ಜೂನ್, ಜುಲೈನಲ್ಲಿ ಕೊಟ್ಟಿಗೆಯೊಳಗೆ ಕೂತು ಮಾಡಬಹುದು.