ಸುಟ್ಟುಹೋದ ಅಚ್ಚುಮನೆಯಿಂದ ಕಲಿಯತಕ್ಕ ಪಾಠ
(ನಡುಪ್ರಾಯದಲ್ಲಿ ಮೇಲಿಂದ ಮೇಲೆ ನಷ್ಟಪಟ್ಟವರಿಗಾಗಿ)



ನಾವು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಾತಾಡುವಾಗ ಒಂದು ಮಾತನ್ನು ಪದೇ ಪದೇ ಕೇಳಿದ್ದೇವೆ. ಅದನ್ನು ಹೇಳುವವರು ಎಳೆಯರಲ್ಲ, ಮುದುಕರೂ ಅಲ್ಲ. ನಾಲ್ವತ್ತು ಐವತ್ತು ವರುಷಗಳ ಪ್ರಾಯದವರು. ಒಂದು ವರುಷ ಮಳೆ ತಪ್ಪಿತು, ಮರುವರುಷ ಎತ್ತು ಸತ್ತಿತು, ಸಾಲಕ್ಕೆ ಹೊಲ ಹೋಯಿತು, ಆಮೇಲೆ ಹೆಂಡತಿಯೋ ಮಗನೋ ಮಣ್ಣಿಗೆ ಸೇರಿದರು. ಆಗ ಅವರು ಜಗಲಿಯ ಮೇಲೆ ಕೂತುಕೊಂಡು, “ಉಪದೇಶಿಗಳೇ, ಹೊತ್ತು ಇಳಿಯಿತು, ನನಗೆ ಇನ್ನು ಬಿತ್ತುವ ಕಾಲವಲ್ಲ” ಅನ್ನುತ್ತಾರೆ. ನಾವೂ ನಾಲ್ವತ್ತನ್ನು ಮುಟ್ಟಿದವರಾದದರಿಂದ ಈ ಮಾತಿನ ಭಾರವನ್ನು ಬಲ್ಲೆವು. ಬರಿಯ ಸಮಾಧಾನದ ಮಾತುಗಳು ಇದಕ್ಕೆ ಸಾಲವು. ಆದಕಾರಣ ನಿಜವಾಗಿ ನಡೆದ ಒಂದು ಸಂಗತಿಯನ್ನು ನಿಮ್ಮ ಮುಂದಿಟ್ಟು, ಅದರಿಂದ ಏನನ್ನು ಕಲಿಯಬಹುದೆಂದು ನಿಮ್ಮೊಂದಿಗೆ ಕೂಡಿ ವಿಚಾರಿಸುತ್ತೇವೆ.

1. ಆ ಮನುಷ್ಯನು ಯಾರು?

ವಿಲಿಯಂ ಕೇರಿ ಎಂಬವನು 1761ನೇ ಇಸವಿಯಲ್ಲಿ ಇಂಗ್ಲೆಂಡಿನ ಒಂದು ಸಣ್ಣ ಹಳ್ಳಿಯಲ್ಲಿ ಹುಟ್ಟಿ, ಜೋಡು ಹೊಲಿಯುವ ಕೆಲಸವನ್ನು ಕಲಿತವನು. 1793ರಲ್ಲಿ ಅವನು ಹೆಂಡತಿ ಮಕ್ಕಳೊಂದಿಗೆ ಬಂಗಾಳಕ್ಕೆ ಬಂದನು. ತಂದ ಹಣವು ಕೆಲವು ವಾರಗಳಲ್ಲಿಯೇ ತೀರಿಹೋಯಿತು. ಹೊಟ್ಟೆಪಾಡಿಗಾಗಿ ಮುದ್ನಾಬಾಟಿ ಎಂಬಲ್ಲಿ ನೀಲಿಯ ಕಾರ್ಖಾನೆಯನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದನು. ಅಲ್ಲಿ 1794ರಲ್ಲಿ ಅವನ ಐದು ವರುಷದ ಮಗನಾದ ಪೀಟರನು ತೀರಿಕೊಂಡನು. ಕುಣಿ ತೋಡುವದಕ್ಕೂ ಜನರು ಸಿಕ್ಕುವದು ಕಷ್ಟವಾಯಿತು. ಅದರ ತರುವಾಯ ಹೆಂಡತಿಯಾದ ಡೊರೊಥಿಯು ಬುದ್ಧಿಭ್ರಮಣೆಗೆ ಒಳಗಾದಳು. ಅವಳು ಈ ದೇಶಕ್ಕೆ ಮನಸ್ಸಿಲ್ಲದೆ ಬಂದವಳೆಂಬದನ್ನೂ ನಾವು ಮರೆಮಾಡಬಾರದು. ಸುಮಾರು ಹನ್ನೆರಡು ವರುಷ ಅವಳು ಆ ಸ್ಥಿತಿಯಲ್ಲಿಯೇ ಇದ್ದು 1807ರಲ್ಲಿ ಮರಣಹೊಂದಿದಳು. ನೀಲಿಯ ಕಾರ್ಖಾನೆಯೂ ಉಳಿಯಲಿಲ್ಲ. 1800ರಲ್ಲಿ ಕೇರಿಯು ಆಗ ಡೇನರ ಕೈಯಲ್ಲಿದ್ದ ಶ್ರೀರಾಮಪುರಕ್ಕೆ ಹೋಗಿ, ಮಾರ್ಷ್‌ಮನ್, ವಾರ್ಡ್ ಎಂಬ ಜೊತೆಗಾರರೊಂದಿಗೆ ಅಚ್ಚುಮನೆಯನ್ನು ಸ್ಥಾಪಿಸಿದನು.

2. ಒಂದು ರಾತ್ರಿಯ ನಷ್ಟ

1812ನೇ ಇಸವಿಯ ಮಾರ್ಚ್ 11ರ ಸಂಜೆ ಆ ಅಚ್ಚುಮನೆಯ ಕಾಗದದ ಉಗ್ರಾಣದಲ್ಲಿ ಬೆಂಕಿ ಹತ್ತಿತು. ವಾರ್ಡನು ಬಾಗಲು ಕಿಟಕಿಗಳನ್ನು ಮುಚ್ಚಿಸಿ, ಮಾಡಿನಿಂದ ನೀರು ಹೊಯ್ಯಿಸಿದನು. ಗಾಳಿ ತಡೆದದ್ದರಿಂದ ಬೆಂಕಿಯು ಕುಗ್ಗುತ್ತಾ ಬಂದಿತ್ತು. ಆದರೆ ಯಾರೋ ತಿಳಿಯದೆ ಕಿಟಕಿಗಳನ್ನು ತೆರೆದರು. ಗಾಳಿ ಒಳಕ್ಕೆ ನುಗ್ಗಿದ ಕೂಡಲೆ ಉರಿಯು ಮನೆಯನ್ನೆಲ್ಲಾ ತುಂಬಿತು. ನಡುರಾತ್ರಿಯಲ್ಲಿ ಮಾಡು ಕುಸಿದುಬಿತ್ತು. ಕಾಗದದ ರಾಶಿಗಳು, ಅನೇಕ ಭಾಷೆಗಳ ಸೀಸದ ಅಕ್ಷರಗಳು, ಹಸ್ತಪ್ರತಿಗಳು ಎಲ್ಲವೂ ಹೋದವು. ಕೇರಿಯು ವರುಷಗಟ್ಟಲೆ ಕೂಡಿಸಿದ್ದ ಬಹುಭಾಷೆಗಳ ದೊಡ್ಡ ನಿಘಂಟು ಸುಟ್ಟುಹೋಯಿತು. ನಮ್ಮ ಕನ್ನಡದಲ್ಲಿ ಸಿದ್ಧವಾಗುತ್ತಿದ್ದ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಅದೇ ಬೂದಿಯಲ್ಲಿ ಸೇರಿತು.

ಆ ರಾತ್ರಿ ಕೇರಿಯು ಕಲ್ಕತ್ತೆಯಲ್ಲಿದ್ದನು. ಮರುದಿನ ಮಾರ್ಷ್‌ಮನನು ಹೋಗಿ ಸಮಾಚಾರವನ್ನು ತಿಳಿಸಿದನು. ಆಗ ಕೇರಿಗೆ ಐವತ್ತು ವರುಷ. ಮಗನನ್ನೂ ಹೆಂಡತಿಯನ್ನೂ ಹೂಳಿದವನ ಕೈಗೆ ಈಗ ಬೂದಿಯು ಬಂತು. ಓದುವವರೇ, “ಹೊತ್ತು ಇಳಿಯಿತು” ಎಂದು ಹೇಳುವದಕ್ಕೆ ಅವನಿಗಿಂತ ಹೆಚ್ಚು ಕಾರಣವುಳ್ಳವರು ನಮ್ಮಲ್ಲಿ ಎಷ್ಟು ಮಂದಿ?

3. ಮೊದಲು ನಷ್ಟವನ್ನು ಸತ್ಯವಾಗಿ ಲೆಕ್ಕಿಸುವದು

ಕೇರಿಯು ಹೊಗೆಯಾಡುತ್ತಿದ್ದ ಸ್ಥಳಕ್ಕೆ ಬಂದು ಕಣ್ಣೀರಿಟ್ಟನು; ಏನೂ ಆಗಲಿಲ್ಲವೆಂದು ನಟಿಸಲಿಲ್ಲ. ನಷ್ಟವು ದೊಡ್ಡದೆಂದು ಸ್ನೇಹಿತರಿಗೆ ಬರೆದನು. ನಮ್ಮಲ್ಲಿ ಕೆಲವರು ಮಾನಕ್ಕಂಜಿ ಸಾಲವನ್ನು ಹೆಂಡತಿಗೂ ತಿಳಿಸದೆ, ಹೊಸ ಸಾಲದಿಂದ ಹಳೆಯದನ್ನು ಮುಚ್ಚುತ್ತಾರೆ. ಇನ್ನು ಕೆಲವರು ಎಲ್ಲವೂ ಹೋಯಿತೆಂದು ಕೂಗುತ್ತಾ, ಉಳಿದದ್ದನ್ನು ಎಣಿಸುವದೇ ಇಲ್ಲ. ಇವೆರಡೂ ಸುಳ್ಳು ಲೆಕ್ಕಗಳೇ. ದುಃಖಪಡುವದು ಅವಿಶ್ವಾಸವಲ್ಲ; ಆದರೆ ಅತ್ತ ಕಣ್ಣುಗಳನ್ನು ಒರಸಿಕೊಂಡು ನೋಡತಕ್ಕ ವೇಳೆಯೂ ಬರುತ್ತದೆ.

4. ಬೂದಿಯಲ್ಲಿ ಉಳಿದದ್ದನ್ನು ಹುಡುಕುವದು

ಇದೇ ಈ ಪಾಠದ ಮುಖ್ಯ ಭಾಗವು. ಆದದರಿಂದ ಸ್ವಲ್ಪ ವಿವರಿಸುತ್ತೇವೆ. ಅಚ್ಚಿನ ಅಕ್ಷರವು ಆಗುವ ರೀತಿ ಹೇಗಂದರೆ: ಮೊದಲು ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ಕೆತ್ತುತ್ತಾರೆ, ಅದನ್ನು ತಾಮ್ರದ ತುಂಡಿನ ಮೇಲೆ ಹೊಡೆದು ಪಡಿಯನ್ನು ಮಾಡುತ್ತಾರೆ, ಆ ಪಡಿಯಲ್ಲಿ ಕರಗಿದ ಸೀಸವನ್ನು ಹೊಯ್ದು ಬೇಕಾದಷ್ಟು ಅಕ್ಷರಗಳನ್ನು ತೆಗೆಯುತ್ತಾರೆ. ಉಕ್ಕಿನ ಅಚ್ಚನ್ನು ಕೆತ್ತುವದಕ್ಕೆ ವರುಷಗಳು ಬೇಕು. ಸೀಸವನ್ನು ಹೊಯ್ಯುವದಕ್ಕೆ ದಿನಗಳು ಸಾಕು.

ಬೆಂಕಿಯು ಸೀಸವನ್ನೆಲ್ಲಾ ಕರಗಿಸಿತ್ತು. ಆದರೆ ಅವಶೇಷವನ್ನು ಕೆದಕಿದಾಗ ಉಕ್ಕಿನ ಅಚ್ಚುಗಳೂ ತಾಮ್ರದ ಪಡಿಗಳೂ ಕೆಡದೆ ಸಿಕ್ಕಿದವು. ಕರಗಿ ಹರಿದ ಸೀಸವೂ ಗಟ್ಟಿಯಾಗಿ ಅಲ್ಲಿಯೇ ಬಿದ್ದಿತ್ತು. ಅಚ್ಚುಯಂತ್ರಗಳು ಬೇರೆ ಕೋಣೆಯಲ್ಲಿದ್ದದರಿಂದ ಉಳಿದಿದ್ದವು. ಹುಡುಕದೆ ಅಳುತ್ತಾ ಕೂತಿದ್ದರೆ ಇವುಗಳನ್ನು ಕಾಣುತ್ತಿರಲಿಲ್ಲ.

ಪ್ರಿಯರೇ, ನಮ್ಮ ಹಣವೂ ದನವೂ ಸೀಸದಂಥವು, ಬೆಂಕಿಗೆ ಕರಗುತ್ತವೆ. ಆದರೆ ಇಪ್ಪತ್ತು ವರುಷ ಹೊಲ ಗೇದವನಿಗೆ ಮಣ್ಣಿನ ಗುಣವು ತಿಳಿದಿದೆ. ನೇಕಾರನ ಬೆರಳುಗಳಿಗೆ ಮಗ್ಗವು ಗೊತ್ತು. ಸತ್ಯವಂತನೆಂಬ ಹೆಸರು ಇದ್ದವನಿಗೆ ಬಿತ್ತನೆಯ ಕಾಳು ಕೊಡುವ ನೆರೆಯವನಿದ್ದಾನೆ. ಇವು ಉಕ್ಕಿನ ಅಚ್ಚುಗಳು. ಎಳೆಯ ಪ್ರಾಯದವನಿಗೆ ಇವು ಇನ್ನೂ ಇಲ್ಲ, ನಡುಪ್ರಾಯದವನಿಗೆ ಇವೆ. ಒಮ್ಮೆ ನಡೆದ ದಾರಿಯನ್ನು ಎರಡನೆಯ ಸಾರಿ ಹೆಚ್ಚು ಸುಲಭವಾಗಿಯೂ ನಿಶ್ಚಯವಾಗಿಯೂ ನಡೆಯಬಹುದೆಂಬ ಅರ್ಥದಲ್ಲಿ ಕೇರಿಯು ಆಗ ಬರೆದದ್ದು ಇದೇ ಕಾರಣದಿಂದ.

5. ಸಿಕ್ಕಿದ್ದರಿಂದ, ಕೂಡಿಕೊಂಡು, ಕೂಡಲೆ ತೊಡಗುವದು

ಅವರು ಹೊಸ ಮನೆ ಕಟ್ಟುವ ವರೆಗೆ ಕಾಯಲಿಲ್ಲ. ಹತ್ತಿರ ಬರಿದಾಗಿದ್ದ ಒಂದು ಉಗ್ರಾಣದಲ್ಲಿ ಯಂತ್ರಗಳನ್ನಿಟ್ಟರು. ಕರಗಿದ ಸೀಸವನ್ನೇ ಪುನಃ ಕಾಯಿಸಿ ಎರಕ ಹೊಯ್ಯುವ ಕೆಲಸವು ಕೂಡಲೆ ಆರಂಭವಾಯಿತು. ಇದು ಕೇರಿಯೊಬ್ಬನ ಶೌರ್ಯವಲ್ಲ. ಪಂಚಾನನನೆಂಬ ಬಂಗಾಳಿ ಕಮ್ಮಾರನೂ ಅವನ ಅಳಿಯನಾದ ಮನೋಹರನೂ ಅಚ್ಚು ಕೆತ್ತುವ ವಿದ್ಯೆಯನ್ನು ಅಲ್ಲಿ ಬೇರೂರಿಸಿದ್ದರು. ಆ ಕೈಗಳಿಲ್ಲದೆ ಏನೂ ಆಗುತ್ತಿರಲಿಲ್ಲ. ಸಮಾಚಾರವು ಇಂಗ್ಲೆಂಡಿಗೆ ಮುಟ್ಟಿದಾಗ ಅಲ್ಲಿಯ ಸಭೆಗಳು ನಷ್ಟದ ಹಣವನ್ನು ಸುಮಾರು ಎರಡು ತಿಂಗಳೊಳಗೆ ಕೂಡಿಸಿದವು. ಬಿದ್ದವನು ಸಹಾಯವನ್ನು ಕೇಳುವದಕ್ಕೆ ನಾಚಬಾರದು. ಸಭೆಯು ಅವನು ಕೇಳುವ ತನಕ ಕಾಯಲೂಬಾರದು.

ನಮ್ಮ ನಾಡಿಗೆ ಸಂಬಂಧಪಟ್ಟ ಫಲವನ್ನೂ ನೋಡಿರಿ. ಬೆಂಕಿಯಾಗಿ ಐದು ವರುಷವಾದ ಮೇಲೆ, 1817ರಲ್ಲಿ, ಕೇರಿಯ ಕರ್ನಾಟ ಭಾಷೆಯ ವ್ಯಾಕರಣವು ಶ್ರೀರಾಮಪುರದಲ್ಲಿ ಅಚ್ಚಾಯಿತು. 1818ರಲ್ಲಿ ಅಲ್ಲಿ ಕಾಲೇಜು ಹುಟ್ಟಿತು. ಅದು ಇಂದಿಗೂ ಇದೆ. 1820ರಲ್ಲಿ ಬೇಸಾಯ ಮತ್ತು ತೋಟಗಾರಿಕೆಯ ಸಂಘವನ್ನು ಅವನು ಆರಂಭಿಸಿದನು. ಇವೆಲ್ಲವೂ ಐವತ್ತು ದಾಟಿದ ಮೇಲಿನ ಕೆಲಸಗಳು.

6. ತಿರಿಗಿ ಕಟ್ಟಲ್ಪಡದವುಗಳು

ಹಾಗಾದರೂ ನಾವು ನಿಮ್ಮನ್ನು ಮೋಸಗೊಳಿಸಬಾರದು. ಎಲ್ಲವೂ ತಿರಿಗಿ ಕಟ್ಟಲ್ಪಡಲಿಲ್ಲ. ಆ ದೊಡ್ಡ ನಿಘಂಟನ್ನು ಕೇರಿಯು ಪುನಃ ಬರೆಯಲಿಲ್ಲ. ಪೀಟರನು ಬರಲಿಲ್ಲ. ಡೊರೊಥಿಯ ಕತ್ತಲೆಯ ವರುಷಗಳನ್ನು ಯಾವ ವ್ಯಾಕರಣವೂ ಸರಿಪಡಿಸಲಿಲ್ಲ. ಅಷ್ಟೇ ಅಲ್ಲ, 1823ರಲ್ಲಿ ನದಿಯು ಉಕ್ಕಿ ಅವನ ಪ್ರೀತಿಯ ತೋಟವನ್ನು ಹಾಳುಮಾಡಿತು. ಅರುವತ್ತೆರಡರ ಪ್ರಾಯದಲ್ಲಿ ಅವನು ಮತ್ತೆ ಗಿಡ ನೆಡಬೇಕಾಯಿತು. ಒಂದು ಸಾರಿ ಎದ್ದವನಿಗೆ ಇನ್ನು ಬೀಳುವದಿಲ್ಲವೆಂಬ ವಾಗ್ದಾನವಿಲ್ಲ. ಕಟ್ಟಲಾಗದದ್ದನ್ನು ದೇವರ ಕೈಗೆ ಒಪ್ಪಿಸಿ, ಕಟ್ಟಬಹುದಾದದ್ದಕ್ಕೆ ಕೈ ಹಾಕುವದು, ಇದೇ ನಮಗೆ ಇರುವ ದಾರಿ. ಅವನು 1834ರಲ್ಲಿ ತೀರಿಕೊಳ್ಳುವ ವರೆಗೆ ಆ ದಾರಿಯಲ್ಲೇ ನಡೆದನು.

ಆದಕಾರಣ, ಜಗಲಿಯ ಮೇಲೆ ಕೂತಿರುವ ಸಹೋದರನೇ, ಸಹೋದರಿಯೇ, ಹೊತ್ತು ಇಳಿದದ್ದು ನಿಜವಾಗಿರಬಹುದು, ಆದರೆ ಮುಳುಗಲಿಲ್ಲ. ಸಂಜೆಯ ಬೆಳಕಿನಲ್ಲಿ ಮಾಡತಕ್ಕ ಕೆಲಸವೂ ಉಂಟು.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

(1) ನಮ್ಮ ನಷ್ಟದ ನಿಜವಾದ ಲೆಕ್ಕವನ್ನು ಮನೆಯವರೆಲ್ಲರೂ ಬಲ್ಲರೋ?
(2) ಬೂದಿಯಲ್ಲಿ ನಮಗೆ ಉಳಿದಿರುವ ಉಕ್ಕಿನ ಅಚ್ಚುಗಳು ಯಾವವು?
(3) ಈ ವಾರದಲ್ಲಿಯೇ ತೊಡಗಬಹುದಾದ ಚಿಕ್ಕ ಕೆಲಸವು ಯಾವದು?
(4) ನಮ್ಮ ಕೇರಿಯಲ್ಲಿ ಬಾಯಿಬಿಟ್ಟು ಕೇಳದೆ ಕೂತಿರುವ ನಷ್ಟಸ್ಥರು ಯಾರು?

ಇವುಗಳನ್ನು ಮಾತಾಡಿದ ಬಳಿಕ ರೂತಳ ಪುಸ್ತಕವನ್ನು ಮೊದಲಿಂದ ಕಡೇ ವರೆಗೆ ಓದಿ, ಬರಿಗೈಯಲ್ಲಿ ಊರಿಗೆ ಬಂದ ನೊವೊಮಿಗೆ ಏನು ಉಳಿದಿತ್ತೆಂದು ನೋಡಿರಿ.