ಬಾರಿಸುವ ಕೈ, ಬಿಚ್ಚುವ ಕೈ

ಧಾರವಾಡದ ಮಾರ್ಕೆಟ್ಟಿನ ಹತ್ತಿರವಿರುವ ನಮ್ಮ ಅಂಗಡಿಗೆ ಹೊಸ ವಾದ್ಯ ಕೊಳ್ಳಲು ಬರುವವರಿಗಿಂತ ಹಳೆಯದನ್ನು ಹೊತ್ತು ತರುವವರೇ ಹೆಚ್ಚು. ಹರಿದ ಡಗ್ಗಾ, ಉಸಿರು ನಿಲ್ಲದ ಹಾರ್ಮೋನಿಯಂ ಪೇಟಿ, ಮೊಳೆ ಜಾರುವ ತಂಬೂರಿ. ನಮ್ಮ ಬಾಡಿಗೆ ಕಟ್ಟುವುದು ಇವೇ. ಗಾಜಿನ ಕಪಾಟಿನಲ್ಲಿ ಹೊಳೆಯುವ ಮಾಲು ದಾರಿಹೋಕರನ್ನು ಒಳಗೆ ಕರೆಯುವುದಕ್ಕಷ್ಟೇ.

ನಾನು ತಬಲಾ ಬಾರಿಸುತ್ತ ಬೆಳೆದವನು. ಕಲ್ಲು ಎಸೆದರೆ ಕವಿಯ ಮನೆ ಮೇಲೆ, ಅದು ತಪ್ಪಿದರೆ ಗವಾಯಿಯ ಮನೆ ಮೇಲೆ ಬೀಳುತ್ತದೆಂದು ಚೇಷ್ಟೆ ಮಾಡಿಸಿಕೊಳ್ಳುವ ಈ ಊರಲ್ಲಿ ಅದೇನೂ ದೊಡ್ಡ ಮಾತಲ್ಲ. ನಮ್ಮೂರಿನ ಆಕಾಶವಾಣಿ ಕೇಂದ್ರ ಶುರುವಾದದ್ದು 1950ರಲ್ಲಿ. ನಮ್ಮ ಬಾಲ್ಯದ ಹೊತ್ತಿಗೆ ಓಣಿಯ ಮನೆಮನೆಯ ರೇಡಿಯೊದಲ್ಲಿ ಮನ್ಸೂರರು, ಬಸವರಾಜ ರಾಜಗುರುಗಳು, ಗಂಗೂಬಾಯಿ ಹಾನಗಲ್ಲರು ಹಾಡುತ್ತಿದ್ದರು. ಮಲ್ಲಿಕಾರ್ಜುನ ಮನ್ಸೂರರು 1992ರಲ್ಲಿ ತೀರಿಕೊಂಡಾಗ ನಾನಿನ್ನೂ ಹೈಸ್ಕೂಲು ಮುಟ್ಟಿರಲಿಲ್ಲ. ಅವರ ಗಾಯನ ತಿಳಿಯುವ ವಯಸ್ಸಲ್ಲ ಅದು, ಆದರೆ ಅವರ ಹಿಂದಿನ ತಂಬೂರಿಯ ನಾದ ಕಿವಿಯಲ್ಲಿ ಉಳಿದುಬಿಟ್ಟಿತು.

ನಮ್ಮ ಗುರುಗಳ ಪದ್ಧತಿಯೇ ಬೇರೆ. ತಬಲಾ ಶ್ರುತಿಗೆ ಕೂಡಿಸಲು ಬಾರದವನಿಗೆ ಕಾಯದಾ ಹೇಳಿಕೊಡುತ್ತಿರಲಿಲ್ಲ. ಮೊದಲು ಕೈಗೆ ಬಂದದ್ದು ಸುತ್ತಿಗೆ. ಕಟ್ಟಿಗೆಯ ಗಟ್ಟಾ ಎಲ್ಲಿ ಬಡಿದರೆ ಯಾವ ಕಡೆಯ ಸ್ವರ ಏರುತ್ತದೆ, ಬಿಗಿಯುವ ಚರ್ಮದ ವಾದಿ ಸಡಿಲಾದರೆ ನಾದ ಹೇಗೆ ಒಡೆಯುತ್ತದೆ, ನಡುವಿನ ಕಪ್ಪು ಶಾಯಿ ಬಿರಿಯುವ ಮೊದಲು ಹೇಗೆ ಕಿಚಿಗುಡುತ್ತದೆ, ಇದೆಲ್ಲ ಆದ ಮೇಲೆಯೇ ತಿರಕಿಟ. ಆಗ ಅದು ಶಿಕ್ಷೆ ಅನ್ನಿಸುತ್ತಿತ್ತು. ಇವತ್ತು ನನ್ನ ಮನೆಯ ಒಲೆ ಉರಿಯುವುದು ಆ ಶಿಕ್ಷೆಯಿಂದ.

ಕಾಲೇಜು ಮುಗಿದ ಮೇಲೆ ಕೆಲವು ವರ್ಷ ಸಾಥ್ ಕೊಡುತ್ತ ತಿರುಗಿದೆ. ಮದುವೆ ಮನೆ, ಮಠದ ಜಾತ್ರೆ, ಕಂಪನಿ ನಾಟಕ. ಕೈಗೆ ಬಂದರೆ ಬಂತು, ಇಲ್ಲದಿದ್ದರೆ ಶಾಲು ಹಾರ. ಬಿಡುವಿದ್ದಾಗ ಇದೇ ಅಂಗಡಿಯಲ್ಲಿ ತಬಲಾದ ಪುಡಿ, ಅಂದರೆ ಬಾಯಿಯ ಚರ್ಮ, ಏರಿಸಿಕೊಡುತ್ತಿದ್ದೆ. ಅಂಗಡಿಯ ಹಿರಿಯರಿಗೆ ಕಣ್ಣು ಮಂಜಾಯಿತು, ಮಕ್ಕಳು ಪುಣೆ ಸೇರಿದ್ದರು. ಅವರು ಕೀಲಿಕೈ ಕೊಟ್ಟರು, ನಾನು ಇಸಿದುಕೊಂಡೆ.

ಇಲ್ಲಿನ ವ್ಯಾಪಾರಕ್ಕೆ ಪಂಚಾಂಗವೇ ಲೆಕ್ಕದ ಪುಸ್ತಕ. ಶ್ರಾವಣ ಬಂತೆಂದರೆ ಹಳ್ಳಿಹಳ್ಳಿಯ ಭಜನಾ ಮಂಡಳಿಯವರು ವಂತಿಗೆ ಕೂಡಿಸಿ, ಟೆಂಪೊ ಮಾಡಿಕೊಂಡು ಬರುತ್ತಾರೆ. ತಾಳ, ದಮ್ಮಡಿ, ತಬಲಾ, ಎಲ್ಲಕ್ಕಿಂತ ಮುಖ್ಯವಾಗಿ ಪೇಟಿ. ಶಾಸ್ತ್ರೀಯ ಸಂಗೀತದ ದೊಡ್ಡವರು ಪೇಟಿಯನ್ನು ಬಹಳ ದಿನ ಹೊರಗೇ ನಿಲ್ಲಿಸಿದ್ದರು. 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಅದನ್ನು ನಿಷೇಧಿಸಿತು, ಬಾಗಿಲು ಮತ್ತೆ ಸ್ವಲ್ಪ ಸ್ವಲ್ಪ ತೆರೆದದ್ದು ಎಪ್ಪತ್ತರ ದಶಕದಲ್ಲಿ. ಭಜನೆಯವರಿಗೆ ಇದ್ಯಾವುದೂ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಅವರಿಗೆ ಬೇಕಾದದ್ದು ರಾತ್ರಿಯಿಡೀ ಬಾರಿಸಿದರೂ ಬಸವಳಿಯದ, ಗುಡಿಯ ಹೊರಗೂ ಕೇಳಿಸುವ ಪೇಟಿ. ಕಲಾವಿದನ ಜಂಬದಲ್ಲಿ ಕೂತರೆ ಈ ಗಿರಾಕಿ ಸಿಗುವುದಿಲ್ಲ. ಅವರ ಶ್ರುತಿಯ ಪಟ್ಟಿ ಯಾವುದು, ಮೊದಲು ಹಾಡುವವರ ದನಿ ಎಲ್ಲಿಯವರೆಗೆ ಏರುತ್ತದೆ ಎಂದು ಕೇಳಿ, ಅಲ್ಲೇ ಒಂದು ಪದ ಹಾಡಿಸಿ, ಆಮೇಲೆ ಪೇಟಿ ತೋರಿಸುತ್ತೇನೆ.

ಪೇಟಿಯ ಜೀವ ಇರುವುದು ಹಿತ್ತಾಳೆಯ ರೀಡಿನಲ್ಲಿ. ನಮಗೆ ಬರುವ ರೀಡುಗಳಲ್ಲಿ ಗುಜರಾತಿನ ಪಾಲಿತಾಣದವಕ್ಕೆ ದೊಡ್ಡ ಹೆಸರು. ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಕೆರೆದದ್ದು ಹೆಚ್ಚಾದರೆ ಆ ಹಿತ್ತಾಳೆ ಮರಳಿ ಬಾರದು, ಅದಕ್ಕೇ ಈ ಕೆಲಸವನ್ನು ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು, ರಸ್ತೆಯ ಗದ್ದಲ ಇಳಿದ ಮೇಲೆ ಮಾಡುತ್ತೇನೆ. ಇಲ್ಲೊಂದು ಸೂಕ್ಷ್ಮವಿದೆ. ಪೇಟಿಯಲ್ಲಿ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿರುವುದರಿಂದ ಅದರ ಶುದ್ಧ ಗಾಂಧಾರ, ತಂಬೂರಿಯ ಖರ್ಜದ ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರಕ್ಕಿಂತ ಎಳೆಯಷ್ಟು ಮೇಲಿರುತ್ತದೆ. ಒಂದೇ ಪಟ್ಟಿಯಲ್ಲಿ ಹಾಡುವ ಗಾಯಕರು ಕೆಲವರು ಆ ಗಾಂಧಾರವನ್ನು ಇಳಿಸಿಕೊಡಿ ಅನ್ನುತ್ತಾರೆ. ಇಳಿಸಿದರೆ ಅವರ ಪಟ್ಟಿಗೆ ಸೊಗಸು, ಬೇರೆ ಪಟ್ಟಿಗೆ ಅದೇ ಪೇಟಿ ಅಪಸ್ವರ. ಈ ಮಾತು ಅರ್ಥವಾಗದವನು ರೀಡು ಮುಟ್ಟಬಾರದು. ಅದನ್ನು ಅರ್ಥಮಾಡಿಸಿದ್ದು ವ್ಯಾಪಾರವಲ್ಲ, ತಂಬೂರಿಯ ಪಕ್ಕ ಕೂತ ವರ್ಷಗಳು.

ತಂಬೂರಿಗೆ ನಮ್ಮ ದಿಕ್ಕು ಮಿರಜ್. ಧಾರವಾಡದಿಂದ ರೈಲು ಹತ್ತಿದರೆ ಬೆಳಗಾವಿ ದಾಟಿ ಇಳಿಯುವ ಊರು. ಪಂಢರಪುರದ ಕಡೆ ಬೆಳೆಯುವ ದೊಡ್ಡ ಸೋರೆಯ ಬುರುಡೆಗಳು ಅಲ್ಲಿ ತಂಬೂರಿಯಾಗುತ್ತವೆ. ಮಿರಜಿನ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚ್ಯಂಕವೂ ಸಿಕ್ಕಿತು. ತಂತಿ ಕೂರುವ ಕುದುರೆಯ ಮೇಲ್ಮೈಯನ್ನು ಕೂದಲೆಳೆಯಷ್ಟು ಉಜ್ಜಿ ಜವಾರಿ, ಅಂದರೆ ತಂತಿಯ ಗುಂಗು, ಬಿಡಿಸುವ ಅಲ್ಲಿನ ಕುಶಲಕರ್ಮಿಗಳ ಎದುರು ನಾನು ಸುಮ್ಮನೆ ಕೂರುತ್ತೇನೆ, ಆ ಕೆಲಸ ನನ್ನದಲ್ಲ. ಜವಾರಿಗೆ ಬಂದ ತಂಬೂರಿಯನ್ನು ಅಲ್ಲಿಗೇ ಕಳಿಸುತ್ತೇನೆ. ಮಾರಾಟವಂತೂ ಅಪರೂಪ. 1979ರ ಸುಮಾರಿಗೆ ಬೆಂಗಳೂರಿನಿಂದ ಬಂದ ಎಲೆಕ್ಟ್ರಾನಿಕ್ ತಂಬೂರಿ ಅದನ್ನು ಮೂಲೆಗೆ ಸರಿಸಿತು, ಈಗ ಆ ಡಬ್ಬಿಯನ್ನೂ ಮೊಬೈಲು ಮೂಲೆಗೆ ಸರಿಸಿದೆ. ನನಗೆ ಸಿಟ್ಟಿಲ್ಲ. ಹಳ್ಳಿಯ ಹುಡುಗಿ ಕಾಸಿಲ್ಲದೆ ಶ್ರುತಿ ಹಿಡಿಯುವಂತಾದರೆ ಒಳ್ಳೆಯದೇ.

ವಾದ್ಯ ಆರಿಸುವುದನ್ನು ನನಗೆ ನಿಜವಾಗಿ ಕಲಿಸಿದವನು ಗದಗಿನ ಕಡೆಯಿಂದ ಬಂದ ಒಬ್ಬ ಹುಡುಗ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರವರೆಗೆ ಪುಟ್ಟರಾಜ ಗವಾಯಿಗಳು, ಎಷ್ಟೋ ಅಂಧ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಆ ಪರಂಪರೆಯ ಹುಡುಗ. ನಾನು ಹೊಳೆಯುವ ಬೀಟೆಯ ತಬಲಾಗಳನ್ನು ಒಂದೊಂದಾಗಿ ಮುಂದಿಟ್ಟೆ. ಅವನು ಅಂಚಿನ ಸುತ್ತ ಬೆರಳಿಂದ ಬಡಿಯುತ್ತ ಹೋಗಿ, ನನ್ನ ದೃಷ್ಟಿಯಲ್ಲಿ ಅತ್ಯುತ್ತಮವಾದದ್ದನ್ನೇ ಬದಿಗೆ ಸರಿಸಿದ. “ಇಲ್ಲೊಂದ್ ಕಡೆ ಸ್ವರ ಇಳದೈತ್ರಿ, ಮಾಸ್ತರ. ನೀವು ಬಡದ್ರೂ ಇದು ಬಾಳ ದಿನ ನಿಲ್ಲಂಗಿಲ್ಲ,” ಅಂದ. ಪುಡಿ ಬಿಚ್ಚಿ ನೋಡಿದರೆ ಕಟ್ಟಿಗೆಯ ಬಾಯಿ ಅಲ್ಲಿ ಒಂದಿಷ್ಟು ತಗ್ಗಿತ್ತು. ಅಂದಿನಿಂದ ಮಾಲು ಬಂದ ಕೂಡಲೇ ಕಣ್ಣು ಮುಚ್ಚಿ ಸುತ್ತ ಬಡಿದು ನೋಡುತ್ತೇನೆ. ಅಂಥದು ಸಿಕ್ಕರೆ ತಯಾರಕರಿಗೇ ವಾಪಸು.

ತಾಯಂದಿರ ವಿಷಯಕ್ಕೆ ಬರುತ್ತೇನೆ. ಟಿವಿಯ ಹಾಡಿನ ಸ್ಪರ್ಧೆ ನೋಡಿ ಮಗುವಿನ ಕೈ ಹಿಡಿದುಕೊಂಡು ಬರುತ್ತಾರೆ. “ಅಣ್ಣಾರ, ಇವನಿಗೆ ಒಂದ್ ಚಲೋ ಕೀಬೋರ್ಡ್ ಕೊಡ್ರಿ.” ಕ್ಲಾಸಿಗೆ ಹಾಕಿದ್ದೀರಾ ಎಂದರೆ, ಇನ್ನು ಹಾಕಬೇಕು. ಮೊದಲು ಮೂರು ತಿಂಗಳು ಕ್ಲಾಸಿನ ವಾದ್ಯದ ಮೇಲೆ ಕಲಿಯಲಿ, ಆಮೇಲೆ ಮೇಷ್ಟ್ರನ್ನು ಕರೆದುಕೊಂಡು ಬನ್ನಿ ಎಂದು ಕಳಿಸುತ್ತೇನೆ. ವ್ಯಾಪಾರ ಬಲ್ಲ ಗೆಳೆಯರು ಇದನ್ನು ಹುಚ್ಚು ಅನ್ನುತ್ತಾರೆ. ಆದರೆ ಹೀಗೆ ಕಳಿಸಿದವರಲ್ಲಿ ಮರಳಿ ಬಂದವರು ನೆಂಟರು, ನೆರೆಯವರನ್ನೂ ಕರೆತಂದಿದ್ದಾರೆ.

ಆನ್‌ಲೈನಿನಲ್ಲಿ ತರಿಸಿದ ಗಿಟಾರು ತೆಗೆದುಕೊಂಡು ಸಂಕೋಚದಿಂದ ಬಾಗಿಲಲ್ಲಿ ನಿಲ್ಲುವವರನ್ನೂ ಒಳಗೆ ಕರೆಯುತ್ತೇನೆ. ತಂತಿಯ ಎತ್ತರ ಇಳಿಸಿ, ಶ್ರುತಿ ಮಾಡಿ, ದುಡ್ಡು ಕೇಳುತ್ತೇನೆ. ಈ ಕೇಳುವುದು ಬಹಳ ಮುಖ್ಯ. ಕಲಾವಿದರ ನಡುವೆ ಬೆಳೆದವರಿಗೆ ಕೈಗೆಲಸಕ್ಕೆ ರೊಕ್ಕ ಕೇಳಲು ನಾಲಿಗೆ ಏಳುವುದಿಲ್ಲ. ವಾದ್ಯಕ್ಕೆ ಬೆಲೆಯಿದೆ, ಅದನ್ನು ಸರಿಮಾಡುವ ಕಿವಿಗೆ ಇಲ್ಲವೆಂಬ ನಮ್ಮ ನಂಬಿಕೆಯೇ ಎಷ್ಟೋ ರಿಪೇರಿಯವರನ್ನು ಬೇರೆ ಕೆಲಸಕ್ಕೆ ಅಟ್ಟಿದೆ.

ಬಾರಿಸುವುದು ಬಿಟ್ಟಿರೇನು ಎಂದು ಹಳಬರು ಕೇಳುತ್ತಾರೆ. ವೇದಿಕೆ ಬಿಟ್ಟಿದ್ದೇನೆ. ಬಾರಿಸದೆ ತಬಲಾ ಕೂಡಿಸಲಾಗುವುದಿಲ್ಲವಲ್ಲ.

ನಿಮ್ಮಲ್ಲೊಂದು ಕೋರಿಕೆ. ಮನೆಯ ಅಟ್ಟದ ಮೇಲೆ ಅಜ್ಜನ ಕಾಲದ ಪೇಟಿ ಇದ್ದರೆ ಗುಜರಿಗೆ ಹಾಕಬೇಡಿ. ಅದರೊಳಗೆ ಜರ್ಮನಿಯ ಅಥವಾ ಪ್ಯಾರಿಸ್ಸಿನ ಹಳೆಯ ರೀಡು ಇದ್ದರೂ ಇರಬಹುದು, ಅಂಥ ನಾದ ಈಗ ದುಡ್ಡು ಕೊಟ್ಟರೂ ಸಿಗುವುದು ಕಷ್ಟ. ಗಾಳಿಯೂದುವ ಬಾತೆಯ ಚರ್ಮ ಇಲಿಯ ಪಾಲಾಗುವ ಮೊದಲು, ಮಳೆಗಾಲದ ಥಂಡಿ ಹಿಡಿಯುವ ಮೊದಲು, ಕೆಳಗಿಳಿಸಿ ಹತ್ತಿರದ ರಿಪೇರಿಯವರಲ್ಲಿ ಒಯ್ದು ಬಿಚ್ಚಿಸಿ ನೋಡಿ.